ಐದಕ್ಕೆ ಐದು ಸಮ ಅಲ್ಲವಂತೆ

ಡ್ರಾಪ್‌ಡೌನ್‌ನಲ್ಲಿ ಬಳಕೆದಾರ ಆರಿಸಿದ ವಿಭಾಗ ಪೇಜ್ ರಿಲೋಡ್ ಆದಮೇಲೂ ಹಾಗೇ ಇರಬೇಕು. ಇಷ್ಟೇ ಕೆಲಸ. ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಜಾಂಗೋದ ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ಒಂದು ಇಫ್ ಹಾಕಿ, ವಿಭಾಗದ ಐಡಿಯೂ ಯುಆರ್‌ಎಲ್‌ನಲ್ಲಿ ಬಂದ ಐಡಿಯೂ ಸಮವೇ ಅಂತ ಕೇಳಿದರೆ, ಅಲ್ಲವಂತೆ. ಎರಡನ್ನೂ ಪ್ರಿಂಟ್ ಮಾಡಿ ನೋಡಿ: ಇಲ್ಲೂ 5, ಅಲ್ಲೂ 5. ಒಂದು ಡೇಟಾಬೇಸಿನ ಇಂಟಿಜರ್, ಅಂದರೆ ಪೂರ್ಣಾಂಕ; ಇನ್ನೊಂದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಯುಆರ್‌ಎಲ್‌ನಲ್ಲಿ ಪ್ರಶ್ನೆ ಚಿಹ್ನೆಯ ಆಚೆಗೆ ಬರುವುದೆಲ್ಲ ಸ್ಟ್ರಿಂಗೇ. ಪರದೆ ಮೇಲೆ ಮಾತ್ರ ಅವಳಿ ಮಕ್ಕಳ ಹಾಗೆ.

ತಪ್ಪಿದ್ದರೆ ಬಾಯಿಬಿಟ್ಟು ಹೇಳಬಾರದೇ? ದೊಡ್ಡದೋ ಚಿಕ್ಕದೋ ಅಂತ ಹೋಲಿಸಿದರೆ ಪೈಥಾನ್ ಆದರೂ ಟೈಪ್‌ಎರರ್ ಅಂತ ಕೂಗುತ್ತದೆ. ಟೆಂಪ್ಲೇಟು ಅದನ್ನೂ ನುಂಗಿಕೊಂಡು ಫಾಲ್ಸ್ ಅಂದುಬಿಡುತ್ತದೆ. ಪುಟ ಒಡೆಯಬಾರದು ಅನ್ನೋ ಸದುದ್ದೇಶ. ಡೀಬಗ್ ಮಾಡುವವರ ತಲೆ ಒಡೆದರೆ ಪರವಾಗಿಲ್ಲ!

ಸ್ಟ್ರಿಂಗನ್ನು ಇಂಟಿಜರ್ ಮಾಡೋಣ ಅಂದರೆ ಟೆಂಪ್ಲೇಟಿನಲ್ಲಿ ಅದಕ್ಕಂತಲೇ ಒಂದು ಫಿಲ್ಟರ್, ಅಂದರೆ ಮೌಲ್ಯವನ್ನು ಬದಲಿಸಿಕೊಡುವ ಸಲಕರಣೆ, ಇಲ್ಲ. ಆ್ಯಡ್ ಫಿಲ್ಟರ್ ಹಾಕಿ ಸೊನ್ನೆ ಕೂಡಿಸಿ, ಇಲ್ಲವೇ ಡೇಟಾಬೇಸಿನ ಐಡಿಯನ್ನೇ ಸ್ಟ್ರಿಂಗ್‌ಫಾರ್ಮ್ಯಾಟ್ ಫಿಲ್ಟರ್ ಹಾಕಿ ಸ್ಟ್ರಿಂಗ್ ಮಾಡಿ ಅನ್ನುತ್ತಾರೆ. ಸೊನ್ನೆ ಕೂಡಿಸೋದಂತೆ! ನಾಳೆ ಆ ಕೋಡ್ ಓದುವವರು ನನ್ನನ್ನು ಏನಂದುಕೊಳ್ಳಬೇಕು? ನಾನಂತೂ ಟೆಂಪ್ಲೇಟಿಗೆ ಡೇಟಾ ಕೊಡುವ ಪೈಥಾನ್ ಕೋಡಾದ ವ್ಯೂನಲ್ಲೇ ಇಂಟ್ (ಇಂಟಿಜರ್) ಮಾಡಿ ಕಳಿಸುತ್ತೇನೆ. ಯಾರೋ ಪುಣ್ಯಾತ್ಮ ಯುಆರ್‌ಎಲ್‌ನಲ್ಲಿ "ಎಬಿಸಿ" ಅಂತ ಹೊಡೆದರೆ ಅದು ಇಂಟ್ ಆಗದೆ ಬರುವ ವ್ಯಾಲ್ಯೂಎರರ್ ಹಿಡಿಯುವ ಕೆಲಸ ಬೇರೆ.