ಕೂಡಿದ್ದು ಒಟ್ಟು, ಒಡೆಯದ್ದು ಇಡೀ

ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆಯುತ್ತೇವೆ. ಕೊನೆಗೆ ಒಂದು ಗೆರೆ ಎಳೆದು ಅದರ ಅಡಿಯಲ್ಲಿ ಮೊತ್ತ ಬರೆಯುತ್ತೇವೆ. ಮೊತ್ತ ಕೆಳಗೇ ಯಾಕಿರಬೇಕು ಅಂತ ಯಾರೂ ಕೇಳುವುದಿಲ್ಲ. ರೋಮನ್ನರಿಗೆ ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅವರು ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಕೂಡುತ್ತಾ ಹೋಗಿ, ಬಂದ ಉತ್ತರವನ್ನು ಸಾಲಿನ ನೆತ್ತಿಯ ಮೇಲೆ ಬರೆಯುತ್ತಿದ್ದರು. ಅದಕ್ಕೇ ಅವರ ಲ್ಯಾಟಿನ್‌ನಲ್ಲಿ ಮೊತ್ತಕ್ಕೆ ‘ಸುಮ್ಮಾ’ ಎಂದು ಹೆಸರು ಬಿತ್ತು. ಸುಮ್ಮಾ ಅಂದರೆ ಎಲ್ಲಕ್ಕಿಂತ ಮೇಲಿರುವುದು. ಇಂಗ್ಲಿಷಿನ ‘ಸಮ್’ ಇದರ ಮಗು. ಬೆಟ್ಟದ ತುದಿಗೆ ಹೇಳುವ ‘ಸಮಿಟ್’ ಕೂಡ ಇದೇ ಮನೆತನದ್ದು. ದೇಶಗಳ ನಾಯಕರು ಸೇರುವ ಸಮಿಟ್ಟನ್ನು ನಮ್ಮ ಪತ್ರಿಕೆಗಳು ‘ಶೃಂಗಸಭೆ’ ಎಂದು ಬರೆಯುತ್ತವಲ್ಲ, ಯಾರು ಮೊದಲು ಹಾಗೆ ಬರೆದರೋ, ಬೇರು ಹಿಡಿದೇ ಬರೆದರು.

‘ಅಮೌಂಟ್’ ಕೂಡ ಇಂಥದ್ದೇ ಪದ. ದಿನಾ ಬಾಯಲ್ಲಿ ಓಡಾಡುವ ಇದರ ಹುಟ್ಟು ಹಳೆಯ ಫ್ರೆಂಚಿನಲ್ಲಿ. ಅಲ್ಲಿ ಇದಕ್ಕೆ ಮೇಲೇರುವುದು ಎಂಬ ಅರ್ಥ. ಇನ್ನೂ ಬಿಡಿಸಿದರೆ ‘ಬೆಟ್ಟದ ಕಡೆಗೆ’. ಅಂದರೆ ಪ್ರತಿ ಅಮೌಂಟಿನ ಒಳಗೂ ಒಂದು ಮೌಂಟನ್ ಅಡಗಿ ಕೂತಿದೆ. ಬಿಲ್ಲಿನ ಅಮೌಂಟ್ ನೋಡಿದಾಗ ಏದುಸಿರು ಬರುವುದು ಸುಮ್ನೆ ಅಲ್ಲ!

ಕನ್ನಡಕ್ಕೆ ಇಷ್ಟು ಎತ್ತರ ಬೇಕಾಗಲಿಲ್ಲ. ಒಂದು ರಾಶಿ ಸಾಕಾಯಿತು. ‘ಒಟ್ಟು’ ಈಗ ಲೆಕ್ಕದ ಪದ ಅನ್ನಿಸುತ್ತದೆ. ಆದರೆ ಅದು ಮೂಲದಲ್ಲಿ ಕ್ರಿಯಾಪದ. ಒಂದರ ಮೇಲೊಂದು ಪೇರಿಸುವುದಕ್ಕೆ ಒಟ್ಟುವುದು ಅನ್ನುತ್ತಾರೆ. ಸೌದೆ ಒಟ್ಟುತ್ತಾರೆ, ಬಣವೆ ಒಟ್ಟುತ್ತಾರೆ. ಒಟ್ಟಿದ ಮೇಲೆ ನಿಂತದ್ದೇ ಒಟ್ಟು. ‘ಮೊತ್ತ’ ಕೂಡ ಹಳೆಗನ್ನಡದಲ್ಲಿ ಗುಂಪು, ರಾಶಿ ಎಂಬ ಅರ್ಥದಲ್ಲಿತ್ತು. ತೆಲುಗು, ತಮಿಳು, ಮಲಯಾಳದವರೂ ಅದನ್ನೇ ‘ಮೊತ್ತಂ’ ಎಂದು ಇಟ್ಟುಕೊಂಡಿದ್ದಾರೆ. ‘ರಾಶಿ’ ಎಂಬ ಸಂಸ್ಕೃತ ಪದಕ್ಕೂ ಗಣಿತದ ನಂಟು ಹಳೆಯದು. ಮೂರು ಗೊತ್ತಿದ್ದರೆ ನಾಲ್ಕನೆಯದನ್ನು ಹುಡುಕುವ ಲೆಕ್ಕಕ್ಕೆ ‘ತ್ರೈರಾಶಿಕ’ ಎಂದು ಹೆಸರಿಟ್ಟವರ ಕಣ್ಣಿಗೆ ಸಂಖ್ಯೆ ಅಂದರೆ ಒಂದು ಗುಡ್ಡೆ. ಮೂರು ಗುಡ್ಡೆ ಮುಂದಿಟ್ಟುಕೊಂಡು ನಾಲ್ಕನೆಯದು ಎಷ್ಟಿರಬೇಕು ಅಂತ ಕೇಳಿದರು, ಅಷ್ಟೇ.

ಗುಡ್ಡೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ‘ಚಿತಿ’. ‘ಚಿ’ ಎಂಬ ಧಾತುವಿಗೆ ಪೇರಿಸು, ಕಲೆಹಾಕು ಎಂದು ಅರ್ಥ. ಇಟ್ಟಿಗೆ ಪೇರಿಸಿ ಕಟ್ಟಿದ ಯಜ್ಞವೇದಿ ಚಿತಿ. ಕಟ್ಟಿಗೆ ಪೇರಿಸಿದ್ದು ಚಿತೆ. ಸಂಚಯ, ಸಮುಚ್ಚಯ ಎಲ್ಲವೂ ಇದರ ಬಳಗವೇ. ಈಗ ಆರ್ಯಭಟನ ಕಡೆ ನೋಡಿ. 499ರಲ್ಲಿ ಅವನು ಬರೆದ ಗಣಿತದಲ್ಲಿ ಸಂಖ್ಯೆಗಳ ಸಾಲನ್ನು ಕೂಡುವ ಸೂತ್ರ ಬರುತ್ತದೆ. ಅದಕ್ಕೆ ಅವನು ಬಳಸಿದ ಹೆಸರು ‘ಚಿತಿಘನ’. ಗುಂಡುಗಳನ್ನು ಗೋಪುರದಂತೆ ಪೇರಿಸಿದ್ದೀರಿ ಅನ್ನಿ. ನೆತ್ತಿಯಲ್ಲಿ ಒಂದು ಗುಂಡು, ಅದರ ಕೆಳಗಿನ ಹಂತದಲ್ಲಿ ಮೂರು, ಅದರ ಕೆಳಗೆ ಆರು, ಮತ್ತೂ ಕೆಳಗೆ ಹತ್ತು. ನಾಲ್ಕು ಹಂತಕ್ಕೆ ಎಷ್ಟು ಗುಂಡು? ಹಂತಗಳ ಸಂಖ್ಯೆ 4. ಅದನ್ನು ಮುಂದಿನ 5ರಿಂದ, ಅದರ ಮುಂದಿನ 6ರಿಂದ ಗುಣಿಸಿ, 6ರಿಂದ ಭಾಗಿಸಿ. 20 ಬರುತ್ತದೆ. ಎಣಿಸಿದರೂ 20. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನೂ ಸಾಲುಗಳ ಮೊತ್ತವನ್ನು ಚಿತಿ ಎಂದೇ ಕರೆದ. ಅವರ ಚಿತಿ, ನಮ್ಮ ಒಟ್ಟು. ಒಂದು ಇನ್ನೊಂದರ ಅನುವಾದವಲ್ಲ. ಎರಡೂ ಭಾಷೆಯವರ ಕಣ್ಣಿಗೆ ಬೇರೆ ಬೇರೆಯಾಗಿ ಒಂದೇ ದೃಶ್ಯ ಬಿದ್ದಿದೆ.

ಮಹಾವೀರನಲ್ಲಿ ಇದಕ್ಕೆ ಇನ್ನೊಂದು ಹೆಸರೂ ಇದೆ, ‘ಸಂಕಲಿತ’. ಶಾಲೆಯ ಪುಸ್ತಕದಲ್ಲಿ ‘ಸಂಕಲನ’ ಆಗಿ ಕೂತಿರುವುದು ಇದರದ್ದೇ ರೂಪ. ಅದೇ ಸಂಕಲನ ಕವಿಗಳ ಹತ್ತಿರವೂ ಇದೆ, ಕವನ ಸಂಕಲನ ಎಂದು. ಹಾಗಂತ ನಲವತ್ತು ಕವನಗಳನ್ನು ಕೂಡಿದರೆ ಉತ್ತರ ಏನು ಬರುತ್ತದೆ ಅಂತ ಕೇಳಬೇಡಿ. ಕೆಲವು ಸಂಕಲನಗಳಲ್ಲಿ ಅದು ವ್ಯವಕಲನವೇ ಆಗಿರುತ್ತದೆ.

ವಸ್ತುಗಳನ್ನು ಪೇರಿಸಬಹುದು, ಆದರೆ ಜನರನ್ನು ಪೇರಿಸಲಾಗುವುದಿಲ್ಲ. ಅವರನ್ನು ಸೇರಿಸಬೇಕು. ಬಹಳಷ್ಟು ಭಾಷೆಗಳಲ್ಲಿ ಮೊತ್ತದ ಪದ ಹುಟ್ಟಿದ್ದು ಈ ಸೇರುವಿಕೆಯಿಂದ. ನಮ್ಮ ‘ಕೂಡು’ ನೋಡಿ. ಎರಡು ಅಂಕಿ ಕೂಡುತ್ತವೆ, ಎರಡು ನದಿ ಕೂಡುತ್ತವೆ, ಜನ ಕೂಡಿದರೆ ಕೂಟ. ತಮಿಳರಿಗೆ ಸಂಕಲನ ‘ಕೂಟ್ಟಲ್’, ಜನಸಂದಣಿ ‘ಕೂಟ್ಟಂ’. ತುರ್ಕಿಯವರ ‘ತೊಪ್ಲಮ್’ ಅಂದರೆ ಮೊತ್ತ, ‘ತೊಪ್ಲಂತಿ’ ಅಂದರೆ ಮೀಟಿಂಗು. ಅರಬ್ಬಿಯಲ್ಲಿ ‘ಜಮ’ ಅಂದರೆ ಸೇರಿಸು. ಮೊತ್ತಕ್ಕೆ ‘ಮಜ್ಮೂ’, ಜನ ಸೇರುವ ಮಸೀದಿ ಜಾಮಿಯಾ, ಜನ ಸೇರುವ ಶುಕ್ರವಾರ ಜುಮ್ಮಾ. ನಮ್ಮ ಲೆಕ್ಕದ ಪುಸ್ತಕದ ಜಮಾ ಖರ್ಚು ಅಲ್ಲಿಯದೇ. ಜನ ಜಮಾಯಿಸಿದರು ಅನ್ನುವುದೂ ಅಲ್ಲಿಯದೇ. ಹಿಂದಿಯವರು ಸಂಕಲನಕ್ಕೆ ‘ಯೋಗ’ ಅನ್ನುತ್ತಾರೆ. ಅದು ಯುಜ್, ಅಂದರೆ ಜೋಡಿಸು ಎಂಬ ಧಾತುವಿನಿಂದ ಬಂದದ್ದು. ಅಲ್ಲಿನ ಮಕ್ಕಳು ಗಣಿತದ ಕ್ಲಾಸಿನಲ್ಲಿ ಕೂತಲ್ಲೇ ಯೋಗ ಮಾಡುತ್ತಾರೆ.

ಅರಬ್ಬಿಯ ಇನ್ನೊಂದು ಪದ ‘ಜುಮ್ಲಾ’. ಅದಕ್ಕೆ ಕಾಲಿಗೆ ಚಕ್ರ. ಮಲಯ್ ಭಾಷೆಗೆ ಹೋಗಿ ‘ಜುಮ್ಲಾಹ್’ ಆಯಿತು, ಆಫ್ರಿಕಾದ ಸ್ವಾಹಿಲಿಗೆ ಹೋಗಿ ‘ಜುಮ್ಲ’ ಆಯಿತು. ಎರಡೂ ಕಡೆ ಮೊತ್ತವೇ. ಆದರೆ ಅರಬ್ಬಿಯಲ್ಲೇ ಅದಕ್ಕೆ ಇನ್ನೊಂದು ಅರ್ಥವೂ ಇತ್ತು, ವಾಕ್ಯ ಎಂದು. ತುರ್ಕಿ ಮತ್ತು ಉರ್ದು ಆ ಅರ್ಥವನ್ನೇ ಜಾಸ್ತಿ ಹಚ್ಚಿಕೊಂಡವು. ಪದಗಳ ಮೊತ್ತವೇ ವಾಕ್ಯ, ಅಲ್ವಾ? ಹಾಗೆ ಅಂದುಕೊಂಡಿರಬೇಕು. ಇತ್ತೀಚೆಗೆ ಹಿಂದಿ ರಾಜಕಾರಣದಲ್ಲಿ ಜುಮ್ಲಾ ಅಂದರೆ ಬರೀ ಮಾತು. ಕೂಡಿ ನೋಡಿದರೆ ಏನೂ ಬರುವುದಿಲ್ಲ.

ರಷ್ಯನ್ನರದು ಬೇರೆಯೇ ದಾರಿ. ಅವರ ‘ಇತೋಗ್’ ಹುಟ್ಟಿದ್ದು ಲೆಕ್ಕ ಬರೆಯುವವರ ‘ಇ ತೊವೊ’ ಎಂಬ ಮಾತಿನಿಂದ, ಅಂದರೆ ‘ಮತ್ತು ಅದರದ್ದು’. ಪಾಪ, ಇಷ್ಟು ಸಣ್ಣ ಮಾತು ದೊಡ್ಡ ನಾಮಪದವಾಗಿ ಹೋಯಿತು. ಚೀನಾ, ಜಪಾನಿನ ಗಣಿತದಲ್ಲಿ ಮೊತ್ತಕ್ಕೆ ಬಳಸುವ ಅಕ್ಷರಕ್ಕೆ ಸಾಮರಸ್ಯ ಎಂಬ ಅರ್ಥವಿದೆ. ಕೇಳಲು ಎಷ್ಟು ಚಂದ! ಗುಣಲಬ್ಧಕ್ಕೆ ಬಳಸುವ ಅಕ್ಷರಕ್ಕೆ ಮಾತ್ರ ರಾಶಿ ಹಾಕುವುದು ಎಂದು ಅರ್ಥ. ಅವರು ಕೂಡುವಾಗ ಸಮಾಧಾನವಾಗಿರುತ್ತಾರೆ, ಗುಣಿಸುವಾಗ ಪೇರಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಿಡಿಬಿಡಿಯಾಗಿದ್ದನ್ನು ತಂದು ಸೇರಿಸಿದ ಕಥೆ. ಮೊದಲಿಂದಲೂ ಒಡೆಯದೇ ಇದ್ದದ್ದಕ್ಕೆ ಏನು ಹೇಳುತ್ತೇವೆ? ‘ಇಡೀ’ ಅನ್ನುತ್ತೇವೆ. ಬಿಡಿಗೆ ಎದುರು ಇಡಿ. ಇದಕ್ಕೂ ಒಟ್ಟುವಿಗೂ ಕನ್ನಡ ಬೆರಕೆ ಮಾಡುವುದೇ ಇಲ್ಲ. ‘ಇಡೀ ರಾತ್ರಿ ನಿದ್ದೆ ಬರಲಿಲ್ಲ’ ಅನ್ನಬಹುದು, ‘ಒಟ್ಟು ರಾತ್ರಿ ನಿದ್ದೆ ಬರಲಿಲ್ಲ’ ಅಂದರೆ ಮಗು ಕೂಡ ನಗುತ್ತದೆ. ‘ಒಟ್ಟು ಹತ್ತು ಪುಸ್ತಕ ಓದಿದೆ’ ಸರಿ. ‘ಇಡೀ ಹತ್ತು ಪುಸ್ತಕ’ ಅಂದರೆ ಕಿವಿಗೆ ಏನೋ ಚುಚ್ಚುತ್ತದೆ. ವ್ಯಾಕರಣ ಓದದವರೂ ಇದರಲ್ಲಿ ತಪ್ಪುವುದಿಲ್ಲ.

ಸಂಸ್ಕೃತ ಈ ಇಡಿತನವನ್ನು ಎಷ್ಟೊಂದು ಕಡೆಯಿಂದ ನೋಡಿದೆ ಅಂದರೆ ಬೆರಗಾಗುತ್ತದೆ. ‘ಸಕಲ’ ಅಂದರೆ ಎಲ್ಲ ಕಲೆಗಳ ಜೊತೆ, ಇಲ್ಲಿ ಕಲೆ ಅಂದರೆ ಭಾಗ. ‘ಅಶೇಷ’ ಅಂದರೆ ಏನೂ ಉಳಿಯದಂತೆ. ಇದು ಭಾಗಾಕಾರ ಮಾಡುವವರ ಪದ. ‘ಅಖಂಡ’ ತುಂಡಾಗದ್ದು. ‘ಅಖಿಲ’ ಮಾತ್ರ ರೈತನ ಪದ. ಖಿಲ ಅಂದರೆ ಉಳದೆ ಬೀಳುಬಿಟ್ಟ ನೆಲ. ನಡುವೆ ಎಲ್ಲೂ ಬೀಳುಭೂಮಿ ಇಲ್ಲದ್ದು ಅಖಿಲ. ‘ಅಖಿಲ ಭಾರತ’ ಎಂದು ಶುರುವಾಗುವ ಸಂಘಗಳ ಹೆಸರು ಓದುವಾಗ ಇದು ನೆನಪಾಗಿ, ಇವರು ಎಷ್ಟು ನೆಲ ಉತ್ತಿದ್ದಾರೋ ಅಂತ ಅನುಮಾನ ಬರುತ್ತದೆ.

‘ಸರ್ವ’ದ ನೆಂಟಸ್ತಿಕೆಯಂತೂ ಬಲು ದೂರದ್ದು. ಸಂಸ್ಕೃತದ ಸಕಾರ ಇರಾನಿನ ಕಡೆ ಹಕಾರವಾಗುತ್ತದೆ. ಅಲ್ಲಿ ಸಪ್ತಾಹ ಹಫ್ತಾ ಆದ ಹಾಗೆ ಸರ್ವದ ಜೋಡಿ ‘ಹರ್’. ಹಿಂದಿಯ ‘ಹರ್ ಏಕ್’ನಲ್ಲಿರುವ ಹರ್ ಅದೇ. ಎಲ್ಲ ಎಂದಿದ್ದದ್ದು ಒಂದೊಂದೂ ಎಂದಾಯಿತು. ಗ್ರೀಕಿಗೆ ಹೋದರೆ ಅದು ‘ಹೊಲೊಸ್’, ಅಂದರೆ ಇಡೀ. ಲ್ಯಾಟಿನ್‌ನಲ್ಲಿ ‘ಸಲ್ವುಸ್’, ಅಂದರೆ ಗಾಯವಾಗದ, ಸುರಕ್ಷಿತ. ಇಂಗ್ಲಿಷಿನ ಸೇಫ್, ಸೇವ್ ಎರಡೂ ಅದರ ಮಕ್ಕಳು. ಹಾಗಾಗಿ ಕಂಪ್ಯೂಟರಿನಲ್ಲಿ ಫೈಲು ಸೇವ್ ಮಾಡುವವರು ಗೊತ್ತಿಲ್ಲದೇ ಸರ್ವನಾಶ ತಪ್ಪಿಸಲು ಸರ್ವದ ತಂಗಿಯನ್ನೇ ಕರೆಯುತ್ತಿದ್ದಾರೆ.

ಹೊಲೊಸ್ ನೋಡಿ ಇಂಗ್ಲಿಷಿನ ‘ಹೋಲ್’ ಇದರದ್ದೇ ಅನ್ನಿಸಿದರೆ ಮೋಸ ಹೋದಿರಿ. ಎರಡಕ್ಕೂ ರಕ್ತಸಂಬಂಧವಿಲ್ಲ. ಇಡೀ ಎಂಬ ಅರ್ಥದ ಹೋಲ್ ಹಳೆಯ ಇಂಗ್ಲಿಷಿನಲ್ಲಿ ಆರೋಗ್ಯವಂತ ಎಂದಿತ್ತು. ಹೆಲ್ತ್, ಹೀಲ್, ಹೋಲಿ ಎಲ್ಲ ಅದರ ಒಡಹುಟ್ಟು. ಅದರ ಮುಂದೆ ಡಬ್ಲ್ಯೂ ಬಂದು ಕೂತದ್ದು 15ನೇ ಶತಮಾನದಲ್ಲಿ. ಕೂತಿತೇ ಹೊರತು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಡದ ಕಾರಣ ಕನ್ನಡದಲ್ಲಿ ಬರೆದರೆ ತೂತಿನ ಹೋಲೂ ಇಡಿಯ ಹೋಲೂ ಒಂದೇ. ಅಖಿಲ ಎಂದು ಹೆಸರಿಟ್ಟವರು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ! ಹೀಬ್ರೂದಲ್ಲೂ ‘ಶಾಲೇಮ್’ ಅಂದರೆ ಇಡಿಯಾದದ್ದು, ಅದರ ಪಕ್ಕದಲ್ಲೇ ‘ಶಾಲೋಮ್’, ಶಾಂತಿ. ಅದೇ ಧಾತುವಿನಿಂದ ‘ಹಣ ಕೊಟ್ಟು ತೀರಿಸು’ ಎಂಬ ಪದವೂ ಬಂದಿದೆ. ಬಾಕಿ ಉಳಿಸಿಕೊಂಡವರು ಇಡಿಯಾಗಿಲ್ಲ ಅಂತ ಲೆಕ್ಕ.

ಒಟ್ಟಿಗೂ ಇಡಿಗೂ ಇರುವ ಈ ಅಂತರ ಅರಿಸ್ಟಾಟಲ್‌ನನ್ನೂ ಕಾಡಿತ್ತು. ಅವನು ಕೊಟ್ಟ ಉದಾಹರಣೆ ‘ಬ’. ಬಕಾರದ ವ್ಯಂಜನ ಒಂದು ಕಡೆ, ಅಕಾರ ಒಂದು ಕಡೆ ಇಟ್ಟರೆ ‘ಬ’ ಆಗುವುದಿಲ್ಲ. ಬಿಡಿಸಿದರೆ ಎರಡು ಧ್ವನಿ ಉಳಿಯುತ್ತವೆ, ‘ಬ’ ಉಳಿಯುವುದಿಲ್ಲ. ಹಾಗಾಗಿ ನಿಜವಾಗಿ ಒಂದಾದದ್ದು ರಾಶಿಯಂತೆ ಇರುವುದಿಲ್ಲ, ಇಂಥ ಅಕ್ಷರದಂತೆ ಇರುತ್ತದೆ ಎಂದ. ನಮ್ಮ ವರ್ಣಮಾಲೆಯಲ್ಲಿ ಇದನ್ನು ವಾದ ಮಾಡಿ ಗೆಲ್ಲಬೇಕಾಗಿಯೇ ಇಲ್ಲ. ಬ್ ಮತ್ತು ಅ ಸೇರಿದ್ದಕ್ಕೆ ನಾವು ಮೊತ್ತಾಕ್ಷರ ಎಂದು ಹೆಸರಿಡಲಿಲ್ಲ. ಗುಣಿತಾಕ್ಷರ ಎಂದೆವು. ಕಾಗುಣಿತ ಬರೆಯುವ ಮಗು ಕೂಡುತ್ತಿಲ್ಲ, ಗುಣಿಸುತ್ತಿದೆ.

ಈ ಬೇಲಿ ಎಲ್ಲ ಭಾಷೆಯಲ್ಲೂ ಗಟ್ಟಿಯಾಗಿಲ್ಲ. ಲ್ಯಾಟಿನ್‌ನ ‘ತೋತುಸ್’ ಅಂದರೆ ಇಡೀ. ಅದರಿಂದ ಬಂದ ‘ಟೋಟಲ್’ ಬೇಲಿ ಹಾರಿ ಮೊತ್ತದ ಕಡೆ ಸೇರಿಕೊಂಡಿತು. ಇದಕ್ಕಿಂತ ತಮಾಷೆಯ ಕಥೆ ‘ಇಂಟಿಗ್ರಲ್’ನದು. 1675ರ ಅಕ್ಟೋಬರ್‌ನಲ್ಲಿ ಗಣಿತಜ್ಞ ಲೈಬ್ನಿಜ್ ತನ್ನ ಟಿಪ್ಪಣಿಯಲ್ಲಿ ಉದ್ದಕ್ಕೆ ಎಳೆದ ಒಂದು ಎಸ್ ಬರೆದ. ಅದು ಸುಮ್ಮಾದ ಮೊದಲ ಅಕ್ಷರ. ಎಣಿಸಲಾಗದಷ್ಟು ಸಣ್ಣ ಚೂರುಗಳನ್ನು ಕೂಡುವುದಕ್ಕೆ ಅವನ ಗುರುತು. ಈ ಗಣಿತವನ್ನು ಮೊತ್ತದ ಗಣಿತ ಎಂದು ಕರೆಯುವುದು ಅವನ ಆಸೆ. ಆದರೆ 1690ರಲ್ಲಿ ಯಾಕೋಬ್ ಬರ್ನೂಲಿ ಅಚ್ಚಿನಲ್ಲಿ ‘ಇಂಟಿಗ್ರಲ್’ ಎಂಬ ಪದ ತಂದ. ಇದರ ಹಿಂದಿರುವ ಲ್ಯಾಟಿನ್ ಪದ ‘ಇಂತೆಗೆರ್’ ಅಂದರೆ ಯಾರೂ ಮುಟ್ಟದ, ಹಾಗಾಗಿ ಇಡಿಯಾಗಿ ಉಳಿದದ್ದು. ಕೊನೆಗೆ ಲೈಬ್ನಿಜ್‌ನ ಗುರುತು ಉಳಿಯಿತು, ಬರ್ನೂಲಿ ತಂದ ಹೆಸರು ಉಳಿಯಿತು. ಈಗ ಕಾಲೇಜಿನ ಹುಡುಗರು ಒಂದು ಆಕಾರವನ್ನು ನುಚ್ಚುನೂರು ಮಾಡಿ, ಎಲ್ಲವನ್ನೂ ಕೂಡಿ, ಅದರ ಮುಂದೆ ಮೊತ್ತದ ಎಸ್ ಹಾಕಿ, ಅದಕ್ಕೆ ‘ಮುಟ್ಟದ್ದು’ ಎಂದು ಹೆಸರು ಹೇಳುತ್ತಾರೆ. 1755ರಲ್ಲಿ ಆಯ್ಲರ್ ಇನ್ನೊಂದು ಬಗೆಯ ಮೊತ್ತಕ್ಕೆ ಗ್ರೀಕಿನ ಸಿಗ್ಮಾ ತಂದ. ಅದೂ ಸಕಾರವೇ, ವೇಷ ಬೇರೆ.

ಇನ್ನು ಉಳಿದದ್ದು ‘ಪೂರ್ಣ’. ತುಂಬು ಎಂಬ ಧಾತುವಿನಿಂದ ಬಂದದ್ದು, ಇಂಗ್ಲಿಷಿನ ‘ಫುಲ್’ ಇದರ ದೂರದ ಅಣ್ಣ. ಪೂರ್ಣದಿಂದ ಪೂರ್ಣವನ್ನು ತೆಗೆದರೆ ಪೂರ್ಣವೇ ಉಳಿಯುತ್ತದೆ ಎಂಬ ಉಪನಿಷತ್ತಿನ ಶಾಂತಿಮಂತ್ರ ಎಲ್ಲರಿಗೂ ಗೊತ್ತು. ಗಣಿತದ ಮೇಷ್ಟರು ಇದನ್ನು ಕೇಳಿ ತಲೆ ಕೆರೆದುಕೊಳ್ಳಬಹುದು. ಎಷ್ಟಿತ್ತೋ ಅಷ್ಟನ್ನೂ ತೆಗೆದ ಮೇಲೆ ಅಷ್ಟೇ ಹೇಗೆ ಉಳಿಯುತ್ತದೆ? ಆದರೆ ಸಂಖ್ಯೆಗಳನ್ನು ಪದಗಳಲ್ಲಿ ಬರೆಯುತ್ತಿದ್ದ ಹಳೆಯ ಜ್ಯೋತಿಷಿಗಳ ಪಟ್ಟಿಯೊಂದಿದೆ. ಕಣ್ಣು ಅಂದರೆ 2, ವೇದ ಅಂದರೆ 4, ಹೀಗೆ. ಅದರಲ್ಲಿ ಸೊನ್ನೆಗೆ ಆಕಾಶ, ಬಿಂದು, ಶೂನ್ಯ ಎಂಬ ಹೆಸರುಗಳ ಜೊತೆ ‘ಪೂರ್ಣ’ವೂ ಇದೆ. ಆ ಬೆಲೆ ಹಾಕಿ ನೋಡಿ. ಸೊನ್ನೆಯಿಂದ ಸೊನ್ನೆ ಕಳೆದರೆ ಸೊನ್ನೆ. ಮೇಷ್ಟರೂ ಸರಿ ಗುರುತು ಹಾಕಲೇಬೇಕು.