ಕಂತು ತೀರಿದ ಮೇಲೂ ಫೋನಿಗೆ ಬೀಗ ಯಾಕೆ?

ಇವತ್ತು ಬೆಳಗ್ಗೆಯಿಂದ ತಲೆ ಕೆಟ್ಟುಹೋಗಿದೆ. ನಮ್ಮ ಅತ್ತಿಗೆ ಹೊರದೇಶದಲ್ಲಿದ್ದಾಗ ಅಲ್ಲಿನ ನೆಟ್‌ವರ್ಕ್ ಕಂಪನಿಯಿಂದ ಕಂತಿನ ಮೇಲೆ ತೆಗೆದುಕೊಂಡಿದ್ದ ಫೋನ್. ಕೊನೆಯ ಕಂತೂ ಕಟ್ಟಿ ಆಗಿದೆ. ಬಾಕಿ ಏನೂ ಇಲ್ಲ ಅಂತ ಕಂಪನಿಯೇ ಕಳಿಸಿದ ಮೇಲ್ ಇದೆ. ಆದರೂ ಬೇರೆ ಸಿಮ್ ಹಾಕಿದರೆ ಫೋನ್ ಒಪ್ಪುವುದಿಲ್ಲ. ಸಹಾಯವಾಣಿಗೆ ಕೇಳಿದರೆ ಅರ್ಜಿ ಹಾಕಿ ಅಂದರಂತೆ. ಅರ್ಜಿಗೆ ಹಳೇ ಖಾತೆಗೆ ಲಾಗಿನ್ ಆಗಬೇಕು. ಲಾಗಿನ್‌ಗೆ ಒಟಿಪಿ ಬೇಕು. ಆ ಒಟಿಪಿ ಬರುವುದು ಅತ್ತಿಗೆ ಯಾವತ್ತೋ ಬಿಟ್ಟ ನಂಬರಿಗೆ!

ನನ್ನದು ಮೊಬೈಲ್ ರಿಪೇರಿ ಕೆಲಸ ಅಂತ ನಿಮಗೆಲ್ಲ ಗೊತ್ತೇ ಇದೆ. ಇಂಥ ಫೋನ್‌ಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಡಿಸ್‌ಪ್ಲೇ ಚೆನ್ನಾಗಿರುತ್ತದೆ, ಬ್ಯಾಟರಿ ಚೆನ್ನಾಗಿರುತ್ತದೆ, ಬೋರ್ಡಿನಲ್ಲಿ ಒಂದು ದೋಷವೂ ಇರುವುದಿಲ್ಲ. ಅದನ್ನು ಹಾಗೇ ವಾಪಸ್ ಕೊಡುವಾಗ ಹೊಟ್ಟೆ ಉರಿಯುತ್ತದೆ.

ಫೋನಿಗೆ ತಮ್ಮ ಸಿಮ್ ಬಿಟ್ಟು ಬೇರೆ ಸಿಮ್ ಹಿಡಿಯದ ಹಾಗೆ ನೆಟ್‌ವರ್ಕ್ ಕಂಪನಿಗಳು ಹಾಕಿಸುವ ಈ ಬೀಗಕ್ಕೆ ಸಿಮ್ ಲಾಕ್ ಅನ್ನುತ್ತಾರೆ. ಅದು ಕೆಲಸ ಮಾಡುವ ರೀತಿ ಬಹಳ ಸರಳ. ಪ್ರತಿ ಸಿಮ್‌ನಲ್ಲೂ ಐಎಂಎಸ್‌ಐ ಅನ್ನುವ ಒಂದು ಸಂಖ್ಯೆ ಇರುತ್ತದೆ. ಮೊದಲ 3 ಅಂಕೆ ದೇಶದ್ದು, ಅದರ ಮುಂದಿನ 2 ಅಥವಾ 3 ಅಂಕೆ ನೆಟ್‌ವರ್ಕ್ ಕಂಪನಿಯದ್ದು. ಲಾಕ್ ಆದ ಫೋನ್ ಆ ಅಂಕೆಗಳನ್ನು ಓದುತ್ತದೆ. ತನ್ನೊಳಗಿನ ಪಟ್ಟಿಗೆ ಹೊಂದದಿದ್ದರೆ ಸಿಮ್ ಬೇಡ ಅನ್ನುತ್ತದೆ. ಇಷ್ಟೇ. ಇ-ಸಿಮ್ ಆದರೂ ಇದೇ ಕಥೆ. ಹಳೇ ಫೋನ್‌ಗಳಲ್ಲಿ ಒಂದು ಕೋಡ್ ಒತ್ತಿದರೆ ಬೀಗ ಬಿಡುತ್ತಿತ್ತು. ಐಫೋನ್‌ಗೆ ಆ ಕೋಡೂ ಬೇಡ. ನೆಟ್‌ವರ್ಕ್ ಕಂಪನಿ ಸರಿ ಅಂದರೆ ಆಪಲ್ ಸರ್ವರ್‌ನಲ್ಲಿ ದಾಖಲೆ ಬದಲಾಗುತ್ತದೆ, ಫೋನ್ ತೆರೆದುಕೊಳ್ಳುತ್ತದೆ. ಯಾರೂ ಕೈ ಹಾಕದೆ ತಾನಾಗೇ ಆಗಬಹುದಾದ ಕೆಲಸ ಇದು. ಕಂತು ತಪ್ಪಿದರೆ ತಕ್ಷಣ ಮೆಸೇಜ್ ಕಳಿಸಲು ಗೊತ್ತಿರುವ ಕಂಪನಿಗೆ, ಕಂತು ಮುಗಿದಾಗ ಬೀಗ ತೆಗೆಯಲು ಯಾಕೆ ಅರ್ಜಿ ಬೇಕು?

ಸಾಲ ಇರುವ ತನಕ ಲಾಕ್ ಇರಲಿ, ಅದಕ್ಕೆ ನಾನು ಜಗಳ ಮಾಡುವುದಿಲ್ಲ. ಸಾಲ ತೀರಿದ ದಿನವೇ ಅದು ಹೋಗಬೇಕು. ಕೇಳದೆಯೇ ಹೋಗಬೇಕು. ನಮ್ಮ ವಸ್ತುವನ್ನು ನಾವು ಬಳಸುವುದಕ್ಕೆ ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕಾ?

ಇದರಲ್ಲಿ ದುಡ್ಡು ಎಷ್ಟಿದೆ ಅನ್ನುವುದಕ್ಕೆ ಕೆನಡಾ ನೋಡಿ. 2016ರಲ್ಲಿ ಅಲ್ಲಿನ ಕಂಪನಿಗಳು ಬರೀ ಅನ್‌ಲಾಕ್ ಶುಲ್ಕದಿಂದಲೇ ಸುಮಾರು 3.77 ಕೋಟಿ ಕೆನಡಾ ಡಾಲರ್ ಗಳಿಸಿದ್ದವು. ಫೋನಿಗೂ ದುಡ್ಡು, ಅದರ ಬೀಗ ತೆಗೆಸಲೂ ದುಡ್ಡು. ಕೊನೆಗೆ ಅಲ್ಲಿನ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿ ಇದನ್ನು ನಿಲ್ಲಿಸಿತು. 2017ರ ಡಿಸೆಂಬರ್ 1ರಿಂದ ಹೊಸ ಫೋನ್ ಲಾಕ್ ಇಲ್ಲದೆಯೇ ಕೊಡಬೇಕು, ಹಳೇ ಫೋನಿನ ಲಾಕ್ ಕೇಳಿದರೆ ಪುಕ್ಕಟೆ ತೆಗೆಯಬೇಕು ಅಂತ ನಿಯಮ ಬಂತು. ಬ್ರಿಟನ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನ್ ಮಾರುವುದನ್ನೇ ನಿಷೇಧಿಸಿತು. ಕಂಪನಿ ಬದಲಿಸುವುದೇ ಬೇಡ ಅಂತ ಸುಮ್ಮನಾದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ, ಅನ್‌ಲಾಕ್ ಮಾಡಿಸುವ ಗೋಳಿಗೆ ಹೆದರಿ ಹಿಂದೆ ಸರಿದಿದ್ದರು ಅಂತ ಅದರ ಅಧ್ಯಯನವೇ ಹೇಳಿತ್ತು. ಲಾಕ್ ಇರುವುದು ಯಾಕೆ ಅಂತ ಇನ್ನು ಬಿಡಿಸಿ ಹೇಳಬೇಕಾ?

ಅಮೆರಿಕದಲ್ಲಂತೂ 2013ರ ಜನವರಿ ಕೊನೆಯಿಂದ, ಹೊಸದಾಗಿ ಕೊಂಡ ಫೋನನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಅನ್‌ಲಾಕ್ ಮಾಡಿದರೆ ಕಾನೂನು ಮುರಿದ ಹಾಗೆ ಆಗುತ್ತಿತ್ತು. ಅದೂ ಕಾಪಿರೈಟ್ ಕಾನೂನು! ಒಂದು ಲಕ್ಷಕ್ಕಿಂತ ಜಾಸ್ತಿ ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಒಬಾಮ ಹೊಸ ಕಾಯ್ದೆಗೆ ಸಹಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಜನ ಗಟ್ಟಿಯಾಗಿ ಕೇಳಿದರೆ ಆಗುತ್ತದೆ ಅಂತ ನನಗೆ ಧೈರ್ಯ ಬಂದದ್ದು ಆ ಸುದ್ದಿ ಓದಿದಾಗ.

ಕಳ್ಳತನ ತಡೆಯಲು ಲಾಕ್ ಬೇಕು ಅನ್ನುವವರಿದ್ದಾರೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಳ್ಳತನಕ್ಕೆ ಬೇರೆಯೇ ವ್ಯವಸ್ಥೆ ಇದೆ. ಪ್ರತಿ ಫೋನಿಗೂ ಐಎಂಇಐ ಅನ್ನುವ 15 ಅಂಕೆಯ ಗುರುತಿನ ಸಂಖ್ಯೆ ಇರುತ್ತದೆ. *#06# ಒತ್ತಿದರೆ ಕಾಣುತ್ತದೆ. ಕಳೆದುಹೋದ ಫೋನಿನ ಐಎಂಇಐಯನ್ನು ಕಪ್ಪುಪಟ್ಟಿಗೆ ಸೇರಿಸಿದರೆ, ಆ ಪಟ್ಟಿ ಪಾಲಿಸುವ ನೆಟ್‌ವರ್ಕ್‌ಗಳು ಅದನ್ನು ಒಳಗೆ ಬಿಡುವುದಿಲ್ಲ. ಸಿಮ್ ಲಾಕ್ ತೆಗೆದರೂ ಆ ತಡೆ ಹೋಗುವುದಿಲ್ಲ. ಎರಡೂ ಬೇರೆ ಬೇರೆ. ಪೂರ್ತಿ ದುಡ್ಡು ಕಟ್ಟಿದವರನ್ನು ಕಳ್ಳರ ಹೆಸರಲ್ಲಿ ಹಿಡಿದಿಡುವುದು ಯಾವ ನ್ಯಾಯ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಆಮೇಲೆ ನಡೆಯುವುದನ್ನು ನೋಡಿ. ಕಂಪನಿ ಸತಾಯಿಸಿದಾಗ ಜನ ಸುಮ್ನೆ ಕೂರುವುದಿಲ್ಲ. ಆನ್‌ಲೈನ್‌ನಲ್ಲಿ ಕೋಡ್ ಮಾರುವವರಿಗೆ ದುಡ್ಡು ಕಳಿಸುತ್ತಾರೆ. ಎಷ್ಟೋ ಸಲ ಕೋಡ್ ಬರುವುದೇ ಇಲ್ಲ. ಬಂದರೂ ತಪ್ಪು ಕೋಡ್ ಇರುತ್ತದೆ. ಕೋಡ್ ಹಾಕಲು ಇಷ್ಟೇ ಸಲ ಅಂತ ಮಿತಿ ಇರುತ್ತದೆ. ಅದು ದಾಟಿದರೆ ಆಮೇಲೆ ಸರಿಯಾದ ಕೋಡನ್ನೂ ಫೋನ್ ತೆಗೆದುಕೊಳ್ಳದೆ ಹೋಗಬಹುದು. ಇನ್ನು ಕೆಲವರು ಸಿಮ್ ಜೊತೆ ತೆಳ್ಳನೆಯ ಒಂದು ಚಿಪ್ ಸೇರಿಸಿ ಫೋನನ್ನು ನಂಬಿಸಲು ನೋಡುತ್ತಾರೆ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಅದೂ ನಿಂತುಹೋಗಬಹುದು. ಈ ಕಳ್ಳ ಮಾರುಕಟ್ಟೆ ಬೆಳೆದದ್ದೇ ಕಂಪನಿಗಳ ಮೊಂಡುತನದಿಂದ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಹೊರದೇಶದಲ್ಲಿ ಕಂತಿನ ಫೋನ್ ಇಟ್ಟುಕೊಂಡಿರುವವರೇ, ಹಳೇ ನಂಬರ್ ಬಿಡುವ ಮೊದಲು ಅನ್‌ಲಾಕ್ ಅರ್ಜಿ ಹಾಕಿ. ಅದು ಮುಗಿದಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಮಾರುವವರ ಬಾಯಿ ಮಾತು ನಂಬಬೇಡಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕ್ಯಾರಿಯರ್ ಲಾಕ್ ಅನ್ನುವ ಕಡೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇದೆಯಾ ನೋಡಿ. ಯಾವ ಫೋನೇ ಆಗಲಿ, ನಿಮ್ಮ ಸಿಮ್ ಹಾಕಿ, ಅವರ ಎದುರಿಗೇ ಒಂದು ಕಾಲ್ ಮಾಡಿ. ಆಮೇಲೆ ದುಡ್ಡು ಕೊಡಿ.