ಕ್ರೀಡೆಗೆ ಬರುತ್ತಿದ್ದ ಆ ಹಣ ಯಾರದ್ದಾಗಿತ್ತು?

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದರಿಂದ ಕ್ರೀಡೆಗೂ ಯುವಕ ಸಂಘಗಳಿಗೂ ಪ್ರಾಯೋಜಕರಿಲ್ಲದಂತಾಗಿದೆ, ಇದರ ಬದಲು ತೆರಿಗೆ ವಿಧಿಸಿ ಒಂದು ಪಾಲನ್ನು ಸಮುದಾಯಕ್ಕೆ ಕೊಡಬಹುದಿತ್ತು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಾಡಿರುವ ವಾದವನ್ನು ರಾಯಚೂರು ಜಿಲ್ಲೆಯ ಓದುಗನಾಗಿ ನಾನು ಒಪ್ಪಲಾರೆ. ಇಂಥ ಆಟದ ಕಂಪನಿಯಾದ ಡ್ರೀಮ್ ಇಲೆವನ್ ಹಿಂದೆ ಸರಿದಾಗ ಪ್ರಾಯೋಜಕರನ್ನು ಕಳೆದುಕೊಂಡದ್ದು ಭಾರತ ಕ್ರಿಕೆಟ್ ತಂಡ. ಮಾನ್ವಿ, ಸಿಂಧನೂರು ಕಡೆಯ ಕಬಡ್ಡಿ ಪಂದ್ಯಗಳಿಗೆ ಬಹುಮಾನ ಕೊಡುವವರು ಮೊದಲಿನಿಂದಲೂ ಅಕ್ಕಿ ಗಿರಣಿಯವರು, ಗೊಬ್ಬರದ ಅಂಗಡಿಯವರು, ಚುನಾವಣೆ ಹತ್ತಿರವಾದರೆ ರಾಜಕಾರಣಿಗಳು.

ತೆರಿಗೆಯೇನೂ ಇರಲಿಲ್ಲವೆಂದಲ್ಲ. 2023ರ ಅಕ್ಟೋಬರ್‌ನಿಂದ ಆಟಗಾರರು ಜಮೆ ಮಾಡುವ ಪೂರ್ಣ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ ಇತ್ತು, ಆದರೆ ಅದು ಬೊಕ್ಕಸಕ್ಕೆ ಸೇರಿತೇ ಹೊರತು ಯಾವ ಊರಿಗೂ ಮೀಸಲಾಗಿರಲಿಲ್ಲ. ಬ್ರಿಟನ್ನಿನಲ್ಲಿ 1994ರಿಂದ ರಾಷ್ಟ್ರೀಯ ಲಾಟರಿಯ ಒಂದು ಭಾಗ ಕ್ರೀಡೆ, ಕಲೆಗಳಿಗೆ ಕಾನೂನಿನಂತೆಯೇ ಹೋಗುತ್ತದೆ, ನಿಜ. ಅಂಥ ಕಟ್ಟುಪಾಡಿಗೆ ಮಾದರಿ ಪಕ್ಕದ ಬಳ್ಳಾರಿಯಲ್ಲೂ ಇದೆ: ಗಣಿ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು, ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಅದರ ಒಂದು ಪಾಲಿನಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು, ಅದು ಗಣಿಬಾಧಿತರಿಗೇ ವಿನಿಯೋಗವಾಗಬೇಕು. ಆದರೆ ಗಣಿಯಿಂದ ಅದಿರಾದರೂ ಹೊರಬರುತ್ತದೆ. ಸುಗ್ಗಿಯ ದುಡ್ಡೂ ಕೈಗಡವೂ ಮೊಬೈಲಿನಲ್ಲಿ ಕರಗಿದ ಮೇಲೆ ಅದರದೇ ಚೂರೊಂದು ಮರಳಿ ಬಂದರೆ ಅದನ್ನು ಅನುದಾನ ಎನ್ನಬೇಕೇ?

ಆಟದ ಮೈದಾನಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕೇಳುವುದೇ ನೇರವಾದ ದಾರಿ. ಬ್ಯಾಂಕುಗಳು ಇಂಥ ಆಟಗಳಿಗೆ ಹಣ ರವಾನಿಸಕೂಡದು ಎಂದು ಹೊಸ ಕಾಯ್ದೆ ಹೇಳುತ್ತದೆ. ಅದು ವಿದೇಶಿ ಆ್ಯಪ್‌ಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಲೇಖಕರು ಪರಿಶೀಲಿಸಿ ಬರೆಯಬೇಕೆಂದು ಕೋರುತ್ತೇನೆ.